ಕೆಡವುವ ಮುನ್ನ ಒಂದು ದಾಖಲೆ

ನಗರವೆಂದರೆ ಮುಗಿದ ಕಟ್ಟಡಗಳ ಮೊತ್ತವೆಂದು ನಮ್ಮ ಯೋಜಕರು ಭಾವಿಸಿದಂತಿದೆ. ಅದು ಕೆಡವುವ, ಕಟ್ಟುವ ನಿರಂತರ ಕ್ರಿಯೆ ಎಂಬುದನ್ನು ವಿಡಿಯೊ ಕಲಾವಿದರು ಎಂದೋ ಗ್ರಹಿಸಿದ್ದಾರೆ. ಬೆಂಗಳೂರಿನ ಆಯಿಷಾ ಅಬ್ರಹಾಂ ಅವರು ಹವ್ಯಾಸಿಯೊಬ್ಬರು ಚಿತ್ರೀಕರಿಸಿದ್ದ ಹಳೆಯ ಸುರುಳಿಗಳನ್ನು ಹುಡುಕಿ 2005ರಲ್ಲಿ ‘ಸ್ಟ್ರೇಟ್ 8’ ರೂಪಿಸಿದರು. ಮನೆಮಂದಿಗೆಂದು ತೆಗೆದ ದೃಶ್ಯಗಳೇ ಕಾಲಾಂತರದಲ್ಲಿ ಊರಿನ ದಾಖಲೆಯಾಗುತ್ತವೆ. 2011ರಲ್ಲಿ ಮೆಟ್ರೊ ಬಂದ ಎಂ.ಜಿ. ರಸ್ತೆಯ ಹಳೆಯ ನೆರಳಿನ ಹಾದಿ ಇಂದು ಚಿತ್ರಗಳಲ್ಲಷ್ಟೇ ಉಳಿದಿದೆ.

ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಈ ಮಾತು ದೂರದ್ದಲ್ಲ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲೇ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬದಲಾವಣೆ ಹೋಬಳಿ ಕೇಂದ್ರಗಳನ್ನು ಬಿಟ್ಟೀತೆ? ಹಲಸಿನ ಕಾಲದಲ್ಲಿ ತುಂಬಿ ಮತ್ತೆ ಬರಿದಾಗುವ ಚೇಳೂರಿನ ಮಾರುಕಟ್ಟೆಯ ಬದುಕು ಯಾವ ನಕ್ಷೆಗೂ ದಕ್ಕದು.

ಏನನ್ನೂ ಕೆಡವಬಾರದೆಂಬುದು ನನ್ನ ವಾದವಲ್ಲ. ಸಾರ್ವಜನಿಕ ಹಣದಿಂದ ಕೆಡವುವ ಮುನ್ನ ಆ ಜಾಗದ ಬದುಕನ್ನು ಚಿತ್ರೀಕರಿಸಿ, ಪ್ರತಿಯೊಂದನ್ನು ಊರಿನ ಗ್ರಂಥಾಲಯದಲ್ಲಿಡುವುದು ಕಡ್ಡಾಯವಾಗಲಿ. ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅದರ ವೆಚ್ಚ ನಗಣ್ಯ. ಆದರೆ ಹಕ್ಕುಪತ್ರವಿಲ್ಲದ ಬೀದಿ ವ್ಯಾಪಾರಿಗೆ, ತಾನೂ ಅಲ್ಲಿ ಬದುಕಿದ್ದೆನೆಂದು ಹೇಳಿಕೊಳ್ಳಲು ಅದೊಂದೇ ಸಾಕ್ಷಿಯಾದೀತು.