ನೆಲಕ್ಕುರುಳದ ಜಾರ್ಜ್ ಚುವಾಲೊ
ಮುಖಕ್ಕೆ ನೇರವಾಗಿ ಬಿದ್ದ ಭಾರೀ ಹೊಡೆತವನ್ನೂ ತಾಳಿಕೊಂಡು, ಪ್ರಜ್ಞೆ ತಪ್ಪದೆ ಸೆಣಸಬಲ್ಲವನನ್ನು ಬಾಕ್ಸಿಂಗ್ ವಲಯದಲ್ಲಿ ಗಟ್ಟಿ ದವಡೆಯವನೆಂದು ಕರೆಯುತ್ತಾರೆ. ಆ ಹೆಸರಿಗೆ ಕೆನಡಾದ ಹೆವಿವೇಟ್ ಬಾಕ್ಸರ್ ಜಾರ್ಜ್ ಚುವಾಲೊ ಅವರಷ್ಟು ಅರ್ಹರಾದವರು ವಿರಳ. 93 ವೃತ್ತಿಪರ ಪಂದ್ಯಗಳಲ್ಲಿ ಅವರು ಒಮ್ಮೆಯೂ ನೆಲಕ್ಕುರುಳಲಿಲ್ಲ. 1966ರ ಮಾರ್ಚ್ 29ರಂದು ಟೊರಾಂಟೊದಲ್ಲಿ ಮುಹಮ್ಮದ್ ಅಲಿ ಅವರೆದುರು, ತಲೆ ತಗ್ಗಿಸಿ ಒಳನುಗ್ಗಿ ಪಕ್ಕೆಗಳಿಗೆ ಗುದ್ದುತ್ತ, ಪ್ರತಿಯಾಗಿ ಮುಖದ ಮೇಲೆರಗುತ್ತಿದ್ದ ಹೊಡೆತಗಳಿಗೆ ಜಗ್ಗದೆ ಪೂರ್ತಿ 15 ಸುತ್ತು ಕಾದಾಡಿ, ಅಂಕಗಳ ಆಧಾರದಲ್ಲಷ್ಟೇ ಸೋತರು. 1967ರಲ್ಲಿ ಜೋ ಫ್ರೇಜಿಯರ್ ಮತ್ತು 1970ರಲ್ಲಿ ಜಾರ್ಜ್ ಫೋರ್‌ಮನ್ ಅವರೆದುರಿನ ಸೋಲುಗಳು ಟೆಕ್ನಿಕಲ್ ನಾಕೌಟ್‌ಗಳು, ಅಂದರೆ ಬಾಕ್ಸರ್ ಮುಂದುವರಿಯುವ ಸ್ಥಿತಿಯಲ್ಲಿಲ್ಲವೆಂದು ರೆಫರಿಯೇ ಪಂದ್ಯ ನಿಲ್ಲಿಸಿದ ಸಂದರ್ಭಗಳು. ಫ್ರೇಜಿಯರ್ ಹೊಡೆತಕ್ಕೆ ಕಣ್ಣಿನ ಕೆಳಗಿನ ಮೂಳೆ ಮುರಿದಿದ್ದರೂ ಚುವಾಲೊ ನಿಂತೇ ಇದ್ದರು. ಗಲ್ಲಕ್ಕೆ ಬಿದ್ದ ಪೆಟ್ಟು ತಲೆಯನ್ನು ಥಟ್ಟನೆ ತಿರುಗಿಸುವುದರಿಂದ ಬುರುಡೆಯೊಳಗೆ ಮಿದುಳು ಹೊಯ್ದಾಡಿ ಪ್ರಜ್ಞೆ ತಪ್ಪುತ್ತದೆ. ದಪ್ಪ ಕತ್ತಿನ ಸ್ನಾಯುಗಳು ಬಿಗಿಯಾಗಿ ಹಿಡಿದಾಗ ಆ ತಿರುಗುವಿಕೆ ತಗ್ಗುತ್ತದೆಯೆಂಬುದು ಈ ತಾಳಿಕೆಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಆದರೆ ಬೀಳದವನ ಮಿದುಳು ಸುರಕ್ಷಿತವೆಂದು ಭಾವಿಸುವುದು ಅಪಾಯಕಾರಿ ತಪ್ಪು, ಏಕೆಂದರೆ ನಿಂತಷ್ಟು ಹೊತ್ತೂ ಅವನು ಹೊಡೆತಗಳನ್ನು ಕೂಡಿಸಿಕೊಳ್ಳುತ್ತಲೇ ಇರುತ್ತಾನೆ. ಪದೇ ಪದೇ ಪೆಟ್ಟು ತಿಂದ ಬಾಕ್ಸರ್‌ಗಳಲ್ಲಿ ಕಾಣುವ ತೊದಲು ಮಾತು, ತಡವರಿಸುವ ನಡಿಗೆ, ಮಂಕುತನಗಳನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ದಾಖಲಿಸಿದ್ದರು. 1969ರಲ್ಲಿ ಚುವಾಲೊ ಅವರಿಗೆ ಸೋತ, ಪೆಟ್ಟು ತಾಳುವುದರಲ್ಲಿ ತಾವೂ ಹೆಸರಾಗಿದ್ದ ಜೆರ್ರಿ ಕ್ವಾರಿ, ಇದೇ ಬಗೆಯ ಮರೆಗುಳಿತನದಿಂದ ಬಟ್ಟೆ ತೊಡಲೂ ಮನೆಯವರ ನೆರವು ಬೇಕಾಗುವ ಸ್ಥಿತಿ ತಲುಪಿ, 1999ರಲ್ಲಿ 53ನೆಯ ವಯಸ್ಸಿಗೇ ತೀರಿಕೊಂಡರು.