ತುಂಬಿದ ಪುಟದಲ್ಲಿ ಕನ್ನಡಕ್ಕೆ ಆರು ಪಾಯಿಂಟಿನ ಜಾಗ!



ನಾನು ಭಾಷಣಕಾರನಲ್ಲ, ಪ್ರೊಫೆಸರನೂ ಅಲ್ಲ. ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಸೇರಿದವನು, ಅಲ್ಲಿಯೇ ಉಳಿದವನು. ಬಿಕರ್ನಕಟ್ಟೆಯಲ್ಲಿ ಬಾಲ ಯೇಸುವಿನ ಪುಣ್ಯಕ್ಷೇತ್ರದ ಗುಡ್ಡದಿಂದ ಸ್ವಲ್ಪ ಕೆಳಗೆ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ಸು ಉಂಟು. ಮದುವೆ ಕಾಗದ, ಬಿಲ್ ಬುಕ್ಕು, ನೇಮೋತ್ಸವದ ಆಮಂತ್ರಣ, ನವೆಂಬರ್ ಬಂದರೆ ರಾಜ್ಯೋತ್ಸವದ ಕರಪತ್ರ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ನನ್ನ ಒಲೆ ಉರಿಸುವವರು ಇಂಜಿನಿಯರಿಂಗ್ ಮಕ್ಕಳು. ಪ್ರಾಜೆಕ್ಟ್ ರಿಪೋರ್ಟನ್ನು ರೆಕ್ಸಿನ್ ಬೈಂಡ್ ಮಾಡಿಸಿ, ಮೇಲೆ ಚಿನ್ನದ ಬಣ್ಣದ ಅಕ್ಷರ ಹೊಡೆಸಿಕೊಂಡು ಹೋಗಲು ಸಾಲುಗಟ್ಟಿ ಬರುತ್ತಾರೆ.

ಹಾಗೆ ಬಂದ ಒಬ್ಬ ಹುಡುಗನ ಕತೆ ಕೇಳಿ. ಪುತ್ತೂರು ಕಡೆಯವನು. ಕನ್ನಡ ಮಾಧ್ಯಮದಲ್ಲೇ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡಕ್ಕೆ 125ಕ್ಕೆ 121 ಅಂಕ ತೆಗೆದವನು. ಅವನ ಪ್ರಾಜೆಕ್ಟು ಯಾವುದು ಗೊತ್ತೇ? ಕೈಬರಹದ ಕನ್ನಡ ಅಕ್ಷರಗಳನ್ನು ಕಂಪ್ಯೂಟರು ಗುರುತು ಹಿಡಿಯುವ ವಿದ್ಯೆ! ನನಗೆ ಎದೆಯುಬ್ಬಿತು. ಬೈಂಡಿಂಗಿಗೆ ಮುಂಚೆ ಹಾಳೆ ತಿರುವಿ ನೋಡಿದೆ. ಎಪ್ಪತ್ತು ಚಿಲ್ಲರೆ ಪುಟ ಇಂಗ್ಲಿಷು. ನಡುವೆ ಒಂದು ಚಿತ್ರದಲ್ಲಿ ನಾಲ್ಕಾರು ಕನ್ನಡ ಪದ. ಅದರಲ್ಲಿ ನಮ್ಮ ರಾಜ್ಯದ ಹೆಸರೇ ‘ಕನಾರ್ಟಕ’ ಎಂದು ಅಚ್ಚಾಗಿದೆ!

ಈ ತಪ್ಪು ಹೇಗಾಗುತ್ತದೆಂದು ಪ್ರೆಸ್ಸಿನವರಿಗೆ ಚೆನ್ನಾಗಿ ಗೊತ್ತು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದೆವು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು, ನಾಲಿಗೆ ಉಚ್ಚರಿಸುವ ಕ್ರಮದಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ತಂತ್ರಾಂಶಕ್ಕೆ ಬುದ್ಧಿ ಸಾಲದಿದ್ದರೆ ಅರ್ಕಾವೊತ್ತು ಮುಂದಿನ ಅಕ್ಷರದ ಹೆಗಲೇರುತ್ತದೆ. ಹುಡುಗನಿಗೆ ತೋರಿಸಿದೆ. ಅವನು ಮೊಬೈಲಿನಿಂದ ತಲೆಯೆತ್ತದೆ, “ಗೈಡ್ ಸೈನ್ ಆಗಿದೆ ಅಂಕಲ್. ಅದನ್ನೆಲ್ಲ ಯಾರು ನೋಡ್ತಾರೆ, ಬೈಂಡ್ ಮಾಡಿ” ಎಂದ.

ಮಾಡಿದೆ. ದುಡ್ಡು ತೆಗೆದುಕೊಂಡೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಹುಡುಗ ಇಂಜಿನಿಯರಿಂಗಿನಲ್ಲಿ ಕನ್ನಡ ಓದಲಿಲ್ಲವೇ? ಓದಿದ್ದಾನೆ! ಅದನ್ನೇ ನಿಮಗೆ ಹೇಳಬೇಕಾಗಿರುವುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಶುರುವಾದದ್ದು 1998ರಲ್ಲಿ. ಅದರ 2018ರ ಸ್ಕೀಮಿನಲ್ಲಿ ಕನ್ನಡ ಬಲ್ಲವರಿಗೆ ‘ಆಡಳಿತ ಕನ್ನಡ’, ಬಾರದವರಿಗೆ ‘ವ್ಯಾವಹಾರಿಕ ಕನ್ನಡ’ ಎಂಬ ಪತ್ರಿಕೆ ಬಂತು. ಆಮೇಲೆ ಅವುಗಳ ಹೆಸರು ‘ಸಾಂಸ್ಕೃತಿಕ ಕನ್ನಡ’, ‘ಬಳಕೆ ಕನ್ನಡ’ ಎಂದಾಯಿತು. ಕನ್ನಡ ಬಂತು ಎಂದು ನಾವೆಲ್ಲ ಪಟಾಕಿ ಹೊಡೆದೆವು. ಅಭಿನಂದನೆಯ ಕರಪತ್ರ ಅಚ್ಚು ಹಾಕಿದವನು ನಾನೇ, ಅದೂ ಎರಡು ಬಣ್ಣದಲ್ಲಿ.

ಸಿಕ್ಕಿದ್ದೆಷ್ಟು ಎಂದು ಆಗ ಯಾರೂ ಲೆಕ್ಕ ಹಾಕಲಿಲ್ಲ. 2022ರ ಸ್ಕೀಮನ್ನು ನೋಡಿ. ನಾಲ್ಕು ವರ್ಷಕ್ಕೆ ಒಟ್ಟು 160 ಕ್ರೆಡಿಟ್. ಅದರಲ್ಲಿ ಕನ್ನಡಕ್ಕೆ ಒಂದು! ಮೊದಲ ವರ್ಷದ ಒಂದು ಸೆಮಿಸ್ಟರಿನಲ್ಲಿ ವಾರಕ್ಕೊಂದು ಗಂಟೆ. ಇನ್ನೊಂದು ಸೆಮಿಸ್ಟರಿನಲ್ಲಿ ಅದೇ ಜಾಗಕ್ಕೆ ಭಾರತದ ಸಂವಿಧಾನ. ಸಂವಿಧಾನಕ್ಕೂ ಕನ್ನಡಕ್ಕೂ ಒಂದೇ ಮಣೆ, ಸರದಿಯ ಮೇಲೆ ಕುಳಿತುಕೊಳ್ಳಬೇಕು. ಕೊನೆಯ ಪರೀಕ್ಷೆಯೋ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದು. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕನ್ನಡದ ಪರೀಕ್ಷೆಯಲ್ಲಿ ಕನ್ನಡದ ಒಂದೇ ಒಂದು ವಾಕ್ಯ ಬರೆಯಬೇಕಾಗಿಲ್ಲ ಸ್ವಾಮೀ! ಹೊರರಾಜ್ಯದ ಮಕ್ಕಳಿಗೆ ‘ಬಳಕೆ ಕನ್ನಡ’ ಹಾಗಿರಲಿ ಎಂದರೆ ಒಪ್ಪೋಣ, ಅವರು ಬಸ್ಸಿನಲ್ಲಿ ಟಿಕೆಟು ಕೇಳುವಷ್ಟು ಕಲಿತರೂ ಲಾಭವೇ. ಆದರೆ ಪುತ್ತೂರಿನ ಹುಡುಗನಿಗೆ ಇದರಿಂದ ಏನಾಯಿತು? ಹೈಸ್ಕೂಲಿನಲ್ಲಿ ಓದಿದ್ದರ ನೆರಳನ್ನು ಇನ್ನೊಮ್ಮೆ ನೋಡಿದ, ವೃತ್ತ ಕಪ್ಪು ಮಾಡಿದ, ಮರೆತ.

ನಮ್ಮ ಪ್ರೆಸ್ಸಿನಲ್ಲಿ ಒಂದು ಕಷ್ಟ ಆಗಾಗ ಬರುತ್ತದೆ. ಸ್ಮರಣ ಸಂಚಿಕೆಯ ಪುಟ ಕಟ್ಟಿ ಮುಗಿದ ಮೇಲೆ ಕಮಿಟಿಯವರು ಓಡಿ ಬಂದು, “ಇದೊಂದು ಜಾಹೀರಾತು ಸೇರಿಸಿ ಮಾರಾಯ್ರೆ, ಇಲ್ಲದಿದ್ದರೆ ಮರ್ಯಾದೆ ಹೋಗ್ತದೆ” ಎನ್ನುತ್ತಾರೆ. ಪುಟವೋ ತುಂಬಿದೆ. ಒಂದೋ ಏನನ್ನಾದರೂ ತೆಗೆಯಬೇಕು, ಇಲ್ಲವೇ ಹೊಸದನ್ನು ಆರು ಪಾಯಿಂಟಿಗೆ ಇಳಿಸಿ ಮೂಲೆಗೆ ತುರುಕಬೇಕು. ತುರುಕಿದರೆ ಜಾಹೀರಾತು ಇದೆ ಎಂದು ಕಮಿಟಿಯವರಿಗೆ ಸಮಾಧಾನ, ಓದುವವನಿಗೆ ಮಾತ್ರ ಕಾಣುವುದಿಲ್ಲ. ಇಂಜಿನಿಯರಿಂಗಿನ ಪುಟದಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಈ ಆರು ಪಾಯಿಂಟು. ಕಣ್ಣೊರೆಸುವ ತಂತ್ರ ಎಂದರೆ ಇದೇ!

ಇಷ್ಟು ಹೇಳಿ ನಿಲ್ಲಿಸಿದರೆ ನನಗೂ ಚಪ್ಪಾಳೆ ಬಿದ್ದೀತು. ಆದರೆ ನನ್ನ ಮನೆಯ ವಿಷಯವನ್ನೂ ಹೇಳಬೇಕು.

ನನ್ನ ಮಗಳು ಇಲ್ಲಿಯೇ ಸಮೀಪದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಆರನೇ ಸೆಮಿಸ್ಟರಿನಲ್ಲಿ ಒಂದು ದಿನ ಪ್ರೆಸ್ಸಿಗೆ ಬಂದು, “ಅಪ್ಪಾ, ನಾನು ಒಂದು ವಿಷಯ ಜಾಸ್ತಿ ತಗೊಳ್ಲಾ?” ಎಂದಳು. (ನಮ್ಮದು ತುಳು ಮನೆಮಾತು. ಅವಳು ಹೇಳಿದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಎನ್.ಪಿ.ಟಿ.ಇ.ಎಲ್. ಎಂದು ಐ.ಐ.ಟಿ.ಗಳ ಪಾಠಗಳನ್ನು ಕಂಪ್ಯೂಟರಿನಲ್ಲೇ ಕೊಡುವ ವ್ಯವಸ್ಥೆ. ಕೇಂದ್ರ ಸರಕಾರ 2017ರಲ್ಲಿ ‘ಸ್ವಯಂ’ ಎಂಬ ಹೆಸರಿನಲ್ಲಿ ಶುರು ಮಾಡಿದ್ದರಲ್ಲಿ ಅದೂ ಸೇರಿದೆ. ಅಲ್ಲಿ ಖರಗ್‌ಪುರದ ಐ.ಐ.ಟಿ.ಯವರದೊಂದು ಪಾಠ, ಮನುಷ್ಯರ ಭಾಷೆಯನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವುದು ಹೇಗೆ ಎಂದು. ಹನ್ನೆರಡು ವಾರ. ಸೇರುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ವಾರವಾರ ಅಸೈನ್‌ಮೆಂಟು, ಅದಕ್ಕೆ ನೂರರಲ್ಲಿ 25 ಅಂಕ, ಪರೀಕ್ಷೆಗೆ 75.

“ಇದೆಲ್ಲ ಯಾಕೆ?” ಎಂದೆ.

“ನೀವು ರಾತ್ರಿ ಹನ್ನೊಂದರವರೆಗೆ ಕನ್ನಡಕ ಹಾಕ್ಕೊಂಡು ಪ್ರೂಫ್ ನೋಡ್ತೀರಲ್ಲ. ಇಂಗ್ಲಿಷಿಗಾದರೆ ತಪ್ಪಿನ ಕೆಳಗೆ ಕೆಂಪು ಗೆರೆ ಬರ್ತದೆ. ಕನ್ನಡಕ್ಕೆ ಸರಿಯಾಗಿ ಬರುವುದಿಲ್ಲ. ಅದನ್ನು ಮಾಡ್ಲಿಕ್ಕೆ ಕಲೀಬೇಕು” ಎಂದಳು.

ಬಂಧುಗಳೇ, ಇಪ್ಪತ್ತು ವರ್ಷದಿಂದ ಕನ್ನಡದ ಕರಪತ್ರ ಅಚ್ಚು ಹಾಕಿದವನಿಗೆ ಮಗಳ ಬಾಯಿಂದ ಇದಕ್ಕಿಂತ ದೊಡ್ಡ ಮಾತು ಏನು ಬೇಕಿತ್ತು? ನಾನು ಹೇಳಿದ್ದೇನು ಗೊತ್ತೇ? “ಮೊದಲು ಬ್ಯಾಕ್ ಇಲ್ಲದೆ ಪಾಸಾಗು. ಕನ್ನಡ ಎಲ್ಲಿಗೂ ಓಡಿ ಹೋಗುವುದಿಲ್ಲ.” ಹಾಗೆ ಹೇಳುವಾಗ ನನ್ನ ಹಿಂದಿನ ಗೋಡೆಯಲ್ಲಿ ನಾನೇ ಅಚ್ಚು ಹಾಕಿದ ರಾಜ್ಯೋತ್ಸವದ ಪೋಸ್ಟರು ನೇತಾಡುತ್ತಿತ್ತು.

ಅವಳು ಸುಮ್ಮನೆ ಹಳೆಯ ಬಿಲ್ ಬುಕ್ಕಿನ ಹಿಂಬದಿಯಲ್ಲಿ ತನ್ನ ವಾರದ ಲೆಕ್ಕ ಬರೆದು ತೋರಿಸಿದಳು. ಬೆಳಿಗ್ಗೆ ಏಳೂಮುಕ್ಕಾಲಿಗೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ವಾಪಸು. ಕ್ಲಾಸು, ಎರಡು ಲ್ಯಾಬು, ಅದರ ರೆಕಾರ್ಡು, ಪ್ರಾಜೆಕ್ಟಿನ ಮೊದಲ ಹಂತ, ಕಂಪೆನಿಗಳು ಬರುತ್ತವೆಂದು ಶನಿವಾರದ ಟ್ರೈನಿಂಗು. ಉಳಿದದ್ದು ರಾತ್ರಿ ಎರಡು ಗಂಟೆ ಮತ್ತು ಭಾನುವಾರ. ಭಾನುವಾರ ಅಮ್ಮನಿಗೆ ಸಹಾಯ, ಸೀಸನ್ನಿನಲ್ಲಿ ಪ್ರೆಸ್ಸಿನಲ್ಲಿ ಹಾಳೆ ಜೋಡಿಸಲು ನನಗೂ ಸಹಾಯ! ಅಂದರೆ ಅವಳ ಕನ್ನಡದ ಪಾಠದ ಸಮಯವನ್ನು ತಿನ್ನುವವರಲ್ಲಿ ನಾನೂ ಒಬ್ಬ.

ಹೇಳದೆ ಸೇರಿಕೊಂಡಿದ್ದಳು. ಏಳು ವಾರ ಅಸೈನ್‌ಮೆಂಟು ಕಳಿಸಿದಳು. ಎಂಟನೇ ವಾರ ಕಾಲೇಜಿನ ಇಂಟರ್ನಲ್ ಪರೀಕ್ಷೆ, ಒಂಬತ್ತನೇ ವಾರ ಪ್ರಾಜೆಕ್ಟಿನ ರಿವ್ಯೂ. ಅಲ್ಲಿಗೆ ನಿಂತಿತು. ಪರೀಕ್ಷೆಯ ಫೀಸು ಕಟ್ಟುವ ದಿನವೂ ದಾಟಿತು. ನಾನು ಸಿಟ್ಟಿನಿಂದ, “ಅರ್ಧಕ್ಕೆ ಬಿಡುವವಳು ಸೇರಿದ್ದೇಕೆ?” ಎಂದದ್ದಕ್ಕೆ ಅವಳು, “ಬೇರೆ ಒಂದನ್ನು ಬಿಟ್ಟು ಇದನ್ನು ತಗೊಳ್ಳಿ ಅಂದಿದ್ದರೆ ಮುಗಿಸ್ತಿದ್ದೆ ಅಪ್ಪ. ಎಲ್ಲದರ ಮೇಲೆ ಇದು ಅಂದರೆ ಹೇಗೆ?” ಎಂದಳು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ನಮ್ಮ ಹೋರಾಟಗಾರ ಮಿತ್ರರು, “ಮನಸ್ಸಿದ್ದರೆ ಮಾರ್ಗ, ಅಭಿಮಾನ ಇದ್ದವರು ಹೇಗಾದರೂ ಓದುತ್ತಾರೆ” ಎನ್ನುತ್ತಾರೆ. ಆ ಮಾತು ನನಗೆ ಈಗ ಒಪ್ಪಿಗೆಯಾಗುವುದಿಲ್ಲ. ಎ.ಐ.ಸಿ.ಟಿ.ಇ. ನಿಯಮದಲ್ಲಿ 160ರ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಓದಿದವರಿಗೆ ಆನರ್ಸ್ ಎಂದೋ ಮೈನರ್ ಎಂದೋ ಪದವಿಗೆ ಗರಿ ಸಿಕ್ಕಿಸುವ ಅವಕಾಶ ಇದೆ. ಒಳ್ಳೆಯದೇ. ಆದರೆ ಅದನ್ನು ಓದುವವರು ಯಾರು? ಹಾಸ್ಟೆಲಿನಲ್ಲಿ ಕುಳಿತು ಓದುವ ಅನುಕೂಲ ಇರುವವರು, ಇಂಗ್ಲಿಷು ಮೊದಲಿನಿಂದಲೂ ಸಲೀಸಾದವರು. ಕನ್ನಡ ಮಾಧ್ಯಮದಿಂದ ಬಂದ ಹುಡುಗನ ಮೊದಲ ವರ್ಷ ಪಾಠದ ಇಂಗ್ಲಿಷನ್ನು ಹಿಡಿಯುವುದರಲ್ಲೇ ಹೋಗಿರುತ್ತದೆ. ಅವನಿಗೆ ಬಿಡುವೆಂಬುದೇ ಇಲ್ಲ. ಕನ್ನಡ ಯಾರ ನಾಲಿಗೆಯಲ್ಲಿ ಗಟ್ಟಿಯಾಗಿದೆಯೋ ಅವನ ಕೈಯಲ್ಲಿ ಸಮಯವಿಲ್ಲ, ಸಮಯ ಇರುವವನಿಗೆ ಕನ್ನಡ ಬೇಡ. ಹೊರೆಯ ಮೇಲೆ ಹೊರೆಯಾಗಿ ಕನ್ನಡವನ್ನು ಇಟ್ಟರೆ ಆಗುವುದು ಇದೇ.

ಡಿಗ್ರಿ ಕಾಲೇಜುಗಳ ಕತೆಯೂ ಬೇರೆಯಲ್ಲ. 2021ರ ಆಗಸ್ಟಿನಲ್ಲಿ ಪದವಿಗೆ ಕನ್ನಡ ಕಡ್ಡಾಯ ಎಂದು ಸರಕಾರ ಆದೇಶ ಹೊರಡಿಸಿತು. ಸಂಸ್ಕೃತದವರು ಕೋರ್ಟಿಗೆ ಹೋದರು. 2022ರ ಏಪ್ರಿಲಿನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶ ಬಂತು, ಕಡ್ಡಾಯ ನಿಂತಿತು. ಅದೇ ಹೊತ್ತಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಓಪನ್ ಎಲೆಕ್ಟಿವ್ ಬಂದಿತ್ತು. ಬಿ.ಕಾಂ. ಓದುವವನು ಬೇರೆ ವಿಭಾಗದ ಒಂದು ವಿಷಯ ಆರಿಸಿಕೊಳ್ಳಬೇಕು. ಒಂದು ಕಾಲೇಜಿಗೆ ಅದರ ಕೈಪಿಡಿ ಅಚ್ಚು ಹಾಕಿದೆ. 2024ರಲ್ಲಿ ರಾಜ್ಯ ಸರಕಾರ ನೀತಿಯನ್ನೇ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು, ಉಳಿದ ಕೈಪಿಡಿಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದೆ.

ಹಾಗಾದರೆ ಬೇಕಾದ್ದೇನು? ‘ಹೆಚ್ಚುವರಿ ಕನ್ನಡ’ ನಮಗೆ ಬೇಡ. ಆ 160ರ ಒಳಗೇ ಜಾಗ ಕೊಡಿ. ಐದನೇ, ಆರನೇ ಸೆಮಿಸ್ಟರಿನಲ್ಲಿ ಮಕ್ಕಳು ಆರಿಸಿಕೊಳ್ಳುವ ವಿಷಯಗಳ ಪಟ್ಟಿಯಲ್ಲಿ ‘ಕನ್ನಡ ಮತ್ತು ಕಂಪ್ಯೂಟರ್’ ಎಂದು ಪೂರ್ತಿ ಮೂರು ಕ್ರೆಡಿಟಿನ ಪತ್ರಿಕೆ ಇಡಿ. ಅದನ್ನು ಕನ್ನಡ ಮೇಷ್ಟ್ರೂ ಕಂಪ್ಯೂಟರ್ ಮೇಷ್ಟ್ರೂ ಸೇರಿ ಕಲಿಸಲಿ. ಅರ್ಕಾವೊತ್ತು ಯಾಕೆ ಓಡಿಹೋಗುತ್ತದೆ, ಅಕಾರಾದಿ ಹೇಗೆ ಜೋಡಿಸುವುದು, ಸಂಧಿಯಾದ ಪದವನ್ನು ಯಂತ್ರ ಬಿಡಿಸುವುದು ಹೇಗೆ, ಇದು ಸಾಹಿತ್ಯವೋ ಇಂಜಿನಿಯರಿಂಗೋ? ಇಂಜಿನಿಯರಿಂಗೇ! ಅದನ್ನು ತೆಗೆದುಕೊಂಡವನು ಬೇರೆ ಒಂದನ್ನು ಬಿಡಲಿ, ಯಾರಿಗೂ ಹೊರೆಯಿಲ್ಲ. ಬೇಡದವನಿಗೆ ಒತ್ತಾಯವಿಲ್ಲ, ಆದ್ದರಿಂದ ಕೋರ್ಟಿಗೆ ಹೋಗುವ ನೆಪವೂ ಇಲ್ಲ. ಜೊತೆಗೆ ಕನ್ನಡ ಬಲ್ಲ ಪ್ರತಿ ವಿದ್ಯಾರ್ಥಿಯ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದೇ ಒಂದು ಪುಟ ಕನ್ನಡದ ಸಾರಾಂಶ ಇರಲಿ. ತಾನು ಮಾಡಿದ್ದನ್ನು ತನ್ನ ಅಮ್ಮನಿಗೆ ಅರ್ಥವಾಗುವ ಹಾಗೆ ಬರೆಯಲಿ.

ಇದು ಮಂಗಳೂರಿಗೆ ಹೊಸತೆಂದು ಯಾರೂ ಹೇಳಬಾರದು. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಮುದ್ರಣಾಲಯ ಹೂಡಿದರು. 1843ರಲ್ಲಿ ಮೋಗ್ಲಿಂಗ್ ಸಾಹೇಬರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಇದೇ ಊರಿನಿಂದ ಹೊರಡಿಸಿದರು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಅಷ್ಟು ದೂರ ಹೋಗುವುದೂ ಬೇಡ. ಇಂದು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ನಾವು ಬಳಸುವ ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅವರ ಹೆಸರಿನ ಮೊದಲ ‘ಕೆ’ ಎಂದರೆ ಕಿನ್ನಿಕಂಬಳ. ನಮ್ಮ ಬಿಕರ್ನಕಟ್ಟೆಯಿಂದ ಮೂಡುಬಿದಿರೆ ರಸ್ತೆ ಹಿಡಿದು ಗುರುಪುರ ದಾಟಿದರೆ ಸಿಗುವ ಊರು. ನುಡಿಯಲ್ಲಿ, ಬರಹದಲ್ಲಿ ಟೈಪ್ ಮಾಡಿ ಹೊಟ್ಟೆ ಹೊರೆದ ನನ್ನಂಥ ಡಿ.ಟಿ.ಪಿ.ಯವರೆಲ್ಲ ಅವರ ಋಣದಲ್ಲಿದ್ದೇವೆ. ಅವರ ಹೆಸರು ಕೇಳಿದ್ದೀಯಾ ಎಂದು ಆ ಪ್ರಾಜೆಕ್ಟಿನ ಹುಡುಗನನ್ನು ಕೇಳಿದ್ದೆ. ಇಲ್ಲ ಎಂದ. ಅವನಿಗೆ ಯಾರು ಹೇಳಬೇಕಿತ್ತು?

ವಿಶ್ವವಿದ್ಯಾಲಯಕ್ಕೆ ಕಳಿಸಬೇಕಾದ ಮನವಿಯನ್ನು ನಾನು ಕಂಪೋಸ್ ಮಾಡಿ ಇಟ್ಟಿದ್ದೇನೆ. ಸಹಿ ಹಾಕುವ ವಿದ್ಯಾರ್ಥಿಗಳು, ತಂದೆ ತಾಯಂದಿರು ಪ್ರೆಸ್ಸಿಗೆ ಬರಬಹುದು. ಅದು ಆಗುವವರೆಗೆ ನನ್ನ ಕೈಲಾದದ್ದು ಇಷ್ಟು: ಈ ಬಾರಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ಪುಟ ಕನ್ನಡ ಸಾರಾಂಶ ಸೇರಿಸಿ ತಂದವರಿಗೆ ಒಂದು ಪ್ರತಿಯ ಬೈಂಡಿಂಗ್ ಉಚಿತ, ಪ್ರೂಫ್ ನಾನೇ ನೋಡಿ ಕೊಡುತ್ತೇನೆ. ಭಾನುವಾರ ಹಾಳೆ ಜೋಡಿಸಲು ಮಗಳನ್ನು ಕರೆಯುವುದನ್ನು ನಿಲ್ಲಿಸಿದ್ದೇನೆ. ಆದ್ದರಿಂದ ಒಂದು ದಿನ ತಡವಾದರೆ ಬೈಯಬೇಡಿ. ಫೈಲನ್ನು ಯೂನಿಕೋಡಿನಲ್ಲೇ ತನ್ನಿ, ಹಳೆಯ ಫಾಂಟಿನಲ್ಲಿ ತಂದರೆ ಕರ್ನಾಟಕದ ಅರ್ಕಾವೊತ್ತು ಎಲ್ಲಿಗೆ ಹಾರುತ್ತದೋ ಹೇಳಲಾಗದು.