ಒಂದು ಸಾಲು ಎಷ್ಟು ಉದ್ದವಿರಬೇಕು?

ನಮ್ಮ ಕೂಟದ ಜಾಲತಾಣವನ್ನೂ ಕನ್ನಡ ಶಾಲೆಯ ನೋಂದಣಿ ವ್ಯವಸ್ಥೆಯನ್ನೂ ನೋಡಿಕೊಳ್ಳುವ ಸ್ವಯಂಸೇವಕರ ನಡುವೆ ಕೆಲವು ತಿಂಗಳುಗಳಿಂದ ಒಂದು ಚರ್ಚೆ ನಡೆದಿದೆ. ಎಲ್ಲರೂ ಸೇರಿ ಬರೆಯುವ ಪೈಥಾನ್ ಕೋಡ್‌ನಲ್ಲಿ ಒಂದು ಸಾಲಿಗೆ ಎಷ್ಟು ಅಕ್ಷರಗಳ ಮಿತಿ ಇರಬೇಕು? 80 ಸಾಕು ಎನ್ನುವವರಿದ್ದಾರೆ, 120 ಬೇಕು ಎನ್ನುವವರಿದ್ದಾರೆ, ಮಿತಿಯೇ ಬೇಡವೆನ್ನುವವರೂ ಇದ್ದಾರೆ.

ಹೊರಗಿನಿಂದ ನೋಡುವವರಿಗೆ ಇದು ಹುಲ್ಲುಕಡ್ಡಿಯಷ್ಟು ಸಣ್ಣ ವಿಷಯ. ಆದರೆ ಇಲ್ಲಿಯ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲೊಬ್ಬರು ಮೊದಲ ಬಾರಿಗೆ ಕೋಡ್ ಬರೆದು ಕಳುಹಿಸುವ ಸಂದರ್ಭವನ್ನು ಯೋಚಿಸಿ. ಒಂದೇ ಮನೆಯ ಇಬ್ಬರು ಮಕ್ಕಳು ಶಾಲೆಗೆ ಸೇರಿದಾಗ ಶುಲ್ಕದಲ್ಲಿ ಕೊಡಬೇಕಾದ ರಿಯಾಯಿತಿಯ ಲೆಕ್ಕ ಅದು. ಬರುವ ಟಿಪ್ಪಣಿಗಳೆಲ್ಲ ಸಾಲನ್ನು ಎಲ್ಲಿ ಮುರಿಯಬೇಕೆಂಬುದರ ಬಗ್ಗೆ. ಲೆಕ್ಕ ಸರಿಯೇ ಎಂದು ಕೇಳುವವರಿಲ್ಲ. ಅಂಥವರು ಎರಡನೆಯ ಸಲ ಬರುವರೇ? ಸ್ವಯಂಸೇವಕರ ಬಿಡುವಿನ ಸಂಜೆಗಳೇ ನಮ್ಮ ಬಂಡವಾಳ. ಅವನ್ನು ಹೀಗೆ ಸೋರಿಹೋಗಲು ಬಿಡಬಾರದು.

80 ಎಂಬ ಸಂಖ್ಯೆಗೆ ವಿಶೇಷ ಪಾವಿತ್ರ್ಯವೇನೂ ಇಲ್ಲ. 1928ರಲ್ಲಿ ಐಬಿಎಂ ರೂಪಿಸಿದ ರಂಧ್ರಪತ್ರದಲ್ಲಿ 80 ಕಂಬಗಳಿದ್ದವು. 1978ರ ವಿಟಿ 100ರಂಥ ಟರ್ಮಿನಲ್‌ಗಳೂ ಅದೇ ಅಗಲವನ್ನು ಉಳಿಸಿಕೊಂಡವು. ತಾಳೆಗರಿಯ ಉದ್ದವೇ ಲಿಪಿಕಾರನ ಸಾಲಿನ ಉದ್ದವನ್ನು ನಿರ್ಧರಿಸಿದಂತೆ, ಇಲ್ಲಿಯೂ ಬರೆಯುವ ವಸ್ತು ಬರಹಕ್ಕೆ ಅಳತೆ ಕೊಟ್ಟಿತು. ವಸ್ತು ಬದಲಾದಾಗ ಅಳತೆಯೂ ಸಡಿಲಗೊಂಡಿದೆ. ಲಿನಕ್ಸ್ ಕರ್ನಲ್‌ನ ಪರೀಕ್ಷಾ ಸಾಧನ 2020ರಿಂದ 100 ಅಕ್ಷರ ದಾಟಿದ ಮೇಲಷ್ಟೇ ಎಚ್ಚರಿಸುತ್ತದೆ. ಗೋ ಭಾಷೆಯ ಸಾಧನವಂತೂ ಮಿತಿಯನ್ನೇ ಹೇರುವುದಿಲ್ಲ.

ಹಾಗೆಂದು ಮಿತಿಯೇ ಬೇಡವೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಹಳೆಯ ಕೋಡನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನಮ್ಮ ಪರಿಶೀಲನೆಯ ಕ್ರಮ. ಮಕ್ಕಳನ್ನು ಮಲಗಿಸಿ, ಅಡುಗೆಮನೆಯ ಮೇಜಿನ ಮೇಲೆ 13 ಇಂಚಿನ ಲ್ಯಾಪ್‌ಟಾಪ್ ತೆರೆದು ಕೂರುವವರಿಗೆ 120 ಅಕ್ಷರಗಳ ಎರಡು ಕಂಬಗಳು ಒಂದೇ ಪರದೆಯಲ್ಲಿ ಹಿಡಿಸುವುದಿಲ್ಲ. ಇನ್ನೊಂದೆಡೆ, 80ರ ಬಿಗಿ ಹಿಡಿತದಲ್ಲಿ ಬೇರೊಂದು ತೊಂದರೆಯಿದೆ. ನಾಲ್ಕು ಹಂತ ಒಳಸರಿದರೆ 16 ಅಕ್ಷರಗಳ ಜಾಗ ಆಗಲೇ ಹೋಗಿರುತ್ತದೆ. ಉಳಿದದ್ದರಲ್ಲಿ ಹೊಂದಿಸಲು ಹೋಗಿ ಜನ ಹೆಸರುಗಳನ್ನು ಮೊಟಕುಗೊಳಿಸುತ್ತಾರೆ. ಆರು ತಿಂಗಳ ಬಳಿಕ ಆ ಹೆಸರಿನ ಅರ್ಥ ಬರೆದವರಿಗೂ ನೆನಪಿರುವುದಿಲ್ಲ.

ಕನ್ನಡಿಗರಾದ ನಮಗೆ ಮತ್ತೊಂದು ತೊಡಕೂ ಇದೆ. 'ಲಕ್ಷ್ಮೀ' ಎಂದು ಬರೆದರೆ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಯೂನಿಕೋಡ್‌ನ ಲೆಕ್ಕದಲ್ಲಿ ಅದು ಏಳು ಸಂಕೇತಗಳು, ಯುಟಿಎಫ್-8ರಲ್ಲಿ 21 ಬೈಟ್‌ಗಳು. ಹೀಗಾಗಿ ಪರದೆಯ ಮೇಲೆ ಚಿಕ್ಕದಾಗಿ ಕಾಣುವ ಕನ್ನಡ ಸಂದೇಶವೊಂದು ಸಾಧನದ ಎಣಿಕೆಯಲ್ಲಿ ಮಿತಿ ಮೀರಿಬಿಡಬಹುದು. ಅದಕ್ಕಾಗಿ ವಾಕ್ಯವನ್ನು ನಡುವೆ ತುಂಡರಿಸುವುದು ಸಲ್ಲದು. ಕನ್ನಡ ಸಂದೇಶಗಳೆಲ್ಲ ಪ್ರತ್ಯೇಕ ಕಡತದಲ್ಲಿರಲಿ, ಆ ಕಡತಕ್ಕೆ ಮಿತಿ ಅನ್ವಯಿಸದಿರಲಿ. ಕೋಡ್ ಬಾರದ ಹಿರಿಯರೂ ಆಗ ಕಾಗುಣಿತವನ್ನು ತಿದ್ದಿಕೊಡಬಲ್ಲರು.

ಸಂಖ್ಯೆಯ ಬಗ್ಗೆ ನಮ್ಮ ಸಲಹೆ 99. ಪೈಥಾನ್‌ನ ಶೈಲಿ ಕೈಪಿಡಿಯಾದ ಪೆಪ್ 8 ಸಾಮಾನ್ಯವಾಗಿ 79 ಎನ್ನುತ್ತದೆ; ಆದರೆ ತಂಡ ತನ್ನೊಳಗೆ ಒಪ್ಪಿಕೊಂಡರೆ 99ರವರೆಗೆ ಹೋಗಬಹುದೆಂದೂ ಹೇಳುತ್ತದೆ. (ಬಾಟಾ ಅಂಗಡಿಯ ಬೆಲೆಯಂತಿದೆ ಎಂದು ನಮ್ಮಲ್ಲೊಬ್ಬರು ನಕ್ಕರು. ಇರಲಿ.) 88 ಆಗಿದ್ದರೂ ನಮ್ಮ ತಕರಾರಿಲ್ಲ, ಬ್ಲ್ಯಾಕ್ ಎಂಬ ಸಾಧನ ತಾನಾಗಿ ಆರಿಸಿಕೊಳ್ಳುವ ಮಿತಿ ಅದೇ. ನಮ್ಮ ಹಟವಿರುವುದು ಬೇರೆಡೆ: ಒಪ್ಪಿದ ಸಂಖ್ಯೆಯನ್ನು ಸಾಧನಕ್ಕೆ ಬರೆದುಕೊಟ್ಟ ಮೇಲೆ, ಸಾಲಿನ ಉದ್ದದ ಕುರಿತು ಪರಿಶೀಲಕರು ಒಂದು ಮಾತನ್ನೂ ಬರೆಯಕೂಡದು. ಆ ಕೆಲಸ ಯಂತ್ರದ್ದು.

ಹಳೆಯ ಕೋಡನ್ನೆಲ್ಲ ಮರುಜೋಡಿಸಿದರೆ ಯಾವ ಸಾಲನ್ನು ಯಾರು, ಏಕೆ ಬರೆದರೆಂಬ ಇತಿಹಾಸ ಮುಚ್ಚಿಹೋಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ತಂಡ ಬಿಟ್ಟು ಬೇರೆ ಊರಿಗೆ ಹೋದವರ ತರ್ಕವನ್ನು ತಿಳಿಯಲು ನಮಗಿರುವುದು ಅದೊಂದೇ ದಾರಿ. ಆದರೆ 2019ರಲ್ಲಿ ಬಂದ ಗಿಟ್‌ನ 2.23ನೆಯ ಆವೃತ್ತಿಯಿಂದ, ಆಯ್ದ ಕಮಿಟ್‌ಗಳನ್ನು ಕಡೆಗಣಿಸಿ ಇತಿಹಾಸವನ್ನು ನೋಡುವ ಸೌಲಭ್ಯವಿದೆ. ಮರುಜೋಡಣೆಯೆಲ್ಲ ಒಂದೇ ಕಮಿಟ್‌ನಲ್ಲಿರಬೇಕು, ಅದರೊಡನೆ ಬೇರಾವ ಬದಲಾವಣೆಯೂ ಬೆರೆಯಬಾರದು, ಅಷ್ಟೆ.

ಕಾರ್ಯಕಾರಿ ಸಮಿತಿ ಒಪ್ಪಿದರೆ, ದಸರಾ ಕಾರ್ಯಕ್ರಮದ ನೋಂದಣಿ ಮುಗಿದ ನಂತರದ ವಾರಾಂತ್ಯದಲ್ಲಿ ಈ ಕೆಲಸವನ್ನು ಮಾಡಬಹುದು. ಅರ್ಧಕ್ಕೆ ನಿಂತ ಬದಲಾವಣೆಗಳು ಯಾರ ಬಳಿಯಾದರೂ ಇದ್ದರೆ ಅಷ್ಟರೊಳಗೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ.